ಕುಮುದಾ ಸಾಕಿದ ಗಿಡುಗ

ಕುಮುದಾಳ ಪಾರ್ಕ್‌ಲ್ಯಾಂಡ್ಸ್ ಫ್ಲ್ಯಾಟಿನಲ್ಲಿ ಮೂರು ಕುಕ್ಕರ್‌ಗಳಿದ್ದವು. ಒಂದೂ ಅವಳು ಕೊಂಡದ್ದಲ್ಲ. ಬೆಂಗಳೂರಿನಿಂದ ಕಂಪನಿ ಕೆಲಸದ ಮೇಲೆ ನೈರೋಬಿಗೆ ಬಂದವರು ಎರಡು ವರ್ಷ, ಹೆಚ್ಚೆಂದರೆ ಮೂರು ವರ್ಷ ಇದ್ದು, ಹೊರಡುವ ಹೊತ್ತಿಗೆ ಕುಕ್ಕರು, ಇಡ್ಲಿ ತಟ್ಟೆ, ತುಳಸಿ ಕುಂಡ ಎಲ್ಲ ತಂದು ಅವಳ ಬಾಗಿಲಲ್ಲಿಟ್ಟು, "ನೀವು ಇಲ್ಲೇ ಇರ್ತೀರಲ್ಲ, ಇಟ್ಕೊಳಿ" ಅಂದು ಹೋಗಿಬಿಡುತ್ತಿದ್ದರು. ಯುಗಾದಿಗೆ ಕಿಲೆಲೆಶ್ವಾ ಬಡಾವಣೆಯಲ್ಲಿ ಯಾರದಾದರೂ ಮನೆಯಲ್ಲಿ ಊಟವಿದ್ದರೆ ಕರೆಯುತ್ತಿದ್ದರು. ಹೊಸಬರು ಯಾರಾದರೂ ಪಕ್ಕದಲ್ಲಿ ಕೂತು, "ನಿಮ್ಮ ಯಜಮಾನರು ಯಾವ ಕಂಪನಿ?" ಅಂತ ಕೇಳುತ್ತಿದ್ದರು. "ನಾನೇ ಕಂಪನಿ ಕೆಲಸಕ್ಕೆ ಬಂದಿರೋದು" ಅಂತ ಕುಮುದಾ ನಗುತ್ತಿದ್ದಳು. ಮಾತು ಅಲ್ಲಿಗೇ ನಿಂತು, ಕೇಳಿದವರು ಹಪ್ಪಳ ಬಡಿಸಿಕೊಳ್ಳುವ ನೆಪದಲ್ಲಿ ಎದ್ದುಹೋಗುತ್ತಿದ್ದರು.

ಅವಳು ನಂಜನಗೂಡಿನವಳು. ಹೆಸರಘಟ್ಟದಲ್ಲಿ ಕೋಳಿ ಸಾಕಣೆಯ ತರಬೇತಿ ಮುಗಿಸಿ, ಮೈಸೂರಿನ ಹತ್ತಿರ ಮೊಟ್ಟೆ ಮರಿ ಮಾಡಿಸುವ ಹ್ಯಾಚರಿಯೊಂದರಲ್ಲಿ ಹದಿನೈದು ವರ್ಷ ದುಡಿದಳು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಾ ಮದುವೆಯ ಮಾತು ಮುಂದಕ್ಕೆ ಹೋಗಿ ಹೋಗಿ, ಕೊನೆಗೆ ಯಾರೂ ಎತ್ತದಂತಾಯಿತು. ತಾಯಿ ತೀರಿಕೊಂಡ ಮರುವರ್ಷ, ನೈರೋಬಿಯಲ್ಲಿ ತೀಕಾ ರಸ್ತೆಯ ಕಡೆಯ ಹ್ಯಾಚರಿಯಿಂದ ಕರೆ ಬಂದಾಗ ಎರಡು ಸೂಟ್‌ಕೇಸ್ ಹಿಡಿದು ಬಂದುಬಿಟ್ಟಳು. ಆಗ ಅವಳಿಗೆ ನಲವತ್ತು. ಊರಿನಲ್ಲಿ ಉಳಿದ ಬಂಧು ಎಂದರೆ ಮೈಸೂರಿನ ಸರಸ್ವತಿಪುರಂನಲ್ಲಿದ್ದ ತಂಗಿ ಇಂದು ಒಬ್ಬಳೇ.

2011ರ ಜೂನ್ ತಿಂಗಳ ಒಂದು ಬುಧವಾರ ಅವಳು ಹ್ಯಾಚರಿಯ ಹಿಂದಿನ ಅಂಗಳದಲ್ಲಿ ನಿಂತು ಇಂದು ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಅಲ್ಲಿ ಮೊಟ್ಟೆಕೋಳಿಯ ಮರಿಗಳನ್ನು ಹುಟ್ಟಿದ ದಿನವೇ ಬೇರೆ ಮಾಡಿ, ಹೆಣ್ಣುಗಳನ್ನು ರೈತರಿಗೆ ಕಳಿಸುತ್ತಿದ್ದರು. ಗಂಡುಮರಿಗಳಿಂದ ಯಾರಿಗೂ ಉಪಯೋಗವಿಲ್ಲ. ಅವನ್ನು ಕೊಂದು ಬುಟ್ಟಿಗಟ್ಟಲೆ ಹೊರಹಾಕುತ್ತಿದ್ದರು. ಆ ಸತ್ತ ಮರಿಗಳನ್ನು ಐಸ್ ಪೆಟ್ಟಿಗೆಯಲ್ಲಿ ತುಂಬಿಕೊಳ್ಳಲು ಪ್ರತಿ ಬುಧವಾರ ಬರುತ್ತಿದ್ದ ಮುದುಕರೊಬ್ಬರು, ಅವಳು ಫೋನ್ ಇಡುವವರೆಗೂ ಕಾದು ಹತ್ತಿರ ಬಂದರು.

"ಎಂತ ಮಾರಾಯ್ರೆ, ನೀವು ಕನ್ನಡದವರಾ? ಇಷ್ಟು ದಿವಸ ಹೇಳಲೇ ಇಲ್ಲ!"

ಹೆಸರು ಆಲ್ಫ್ರೆಡ್ ಲೋಬೊ. ಎಪ್ಪತ್ತರ ಹತ್ತಿರ ವಯಸ್ಸು. ಹತ್ತು ವರ್ಷದ ಹುಡುಗನಾಗಿದ್ದಾಗ ಮಂಗಳೂರಿನಿಂದ ತಂದೆಯ ಜೊತೆ ಬಂದವರು, ಸಣ್ಣ ವಿಮಾನ ಓಡಿಸಿ ಬದುಕಿದವರು. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು. ಮುಥೈಗಾದ ತಮ್ಮ ಮನೆಯ ದೊಡ್ಡ ಹಿತ್ತಲಿನಲ್ಲಿ ಅವರೀಗ ಗಿಡುಗಗಳನ್ನು ಸಾಕುತ್ತಿದ್ದರು. ಗಿಡುಗವನ್ನು ಪಳಗಿಸಿ, ಕೈಗವಸಿನ ಮೇಲೆ ಕೂರಿಸಿಕೊಂಡು ಹೋಗಿ, ಬೇಟೆಗೆ ಹಾರಿಸಿ, ಮತ್ತೆ ಕೈಗೆ ಕರೆಸಿಕೊಳ್ಳುವ ಹಳೆಯ ಹವ್ಯಾಸ ಅವರದು. ಪರವಾನಗಿ ಪಡೆದು ಮನೆಯಲ್ಲೇ ಮರಿ ಮಾಡಿಸಲು ಹೊರಟಿದ್ದರು. ಆದರೆ ಎರಡು ವರ್ಷದಿಂದ ಒಂದು ಮೊಟ್ಟೆಯೂ ಒಡೆದಿರಲಿಲ್ಲ.

"ಒಳಗೆ ಮರಿ ಆಗ್ತದೆ, ಆದರೆ ಹೊರಗೆ ಬರುವ ಮೊದಲೇ ಸಾಯ್ತದೆ. ನಿಮಗೆ ಮೊಟ್ಟೆಯ ವಿದ್ಯೆ ಗೊತ್ತುಂಟಲ್ಲ, ಒಮ್ಮೆ ಬಂದು ನೋಡಿ."

ಆ ಭಾನುವಾರ ಕುಮುದಾ ಹೋದಳು. ಹಿತ್ತಲಿನಲ್ಲಿ ಮರದ ಗೋಡೆಯ, ಮೇಲೆ ತಂತಿಬಲೆ ಹೊದಿಸಿದ ಆರು ಕೋಣೆಗಳು. ಒಂದರಲ್ಲಿ ಲ್ಯಾನರ್ ಎಂಬ ಜಾತಿಯ ಗಿಡುಗದ ಜೋಡಿ. ಬೂದು ಬೆನ್ನು, ಕೆಂಚು ನೆತ್ತಿ, ಕಣ್ಣಿನ ಕೆಳಗೆ ಕಾಡಿಗೆ ಹರಿದಂಥ ಗೆರೆ. ಅವಳು ಮೊಟ್ಟೆಗೆ ಕಾವು ಕೊಡುವ ಯಂತ್ರದ ಮುಂದೆ ಕೂತು ಮೊಟ್ಟೆಗಳನ್ನು ತೂಗಿದಳು. ತಪ್ಪು ಬೇಗ ಸಿಕ್ಕಿತು. ನೈರೋಬಿ ಎತ್ತರದ ಊರು, ಗಾಳಿ ತೆಳು, ಮೊಟ್ಟೆಯೊಳಗಿನ ನೀರು ಬೇಗ ಆರಿಹೋಗುತ್ತದೆ. ಮರಿಗಳು ಚಿಪ್ಪಿನೊಳಗೇ ಒಣಗಿ ಸಾಯುತ್ತಿದ್ದವು. ಯಂತ್ರದಲ್ಲಿ ತೇವ ಹೆಚ್ಚಿಸಿ, ದಿನವೂ ಕೆಲಸ ಮುಗಿಸಿ ಎರಡು ಮಟಾಟು ವ್ಯಾನು ಬದಲಿಸಿ ಬಂದು ತೂಕ ನೋಡಿದಳು. ಜುಲೈನ ಮೋಡ ಕವಿದ ಚಳಿಯ ಒಂದು ಮಧ್ಯಾಹ್ನ ಮೂರು ಮರಿಗಳು ಹುಟ್ಟಿದವು. ಲೋಬೊ ಅವಳ ಎರಡೂ ಕೈ ಹಿಡಿದು, ಕೊಂಕಣಿಯಲ್ಲಿ ಏನೋ ಪ್ರಾರ್ಥನೆ ಹೇಳಿದರು.

ನಾಲ್ಕು ದಿನ ಕಳೆದ ಮೇಲೆ ಅವರು ಇನ್ನೊಂದು ಮಾತೆತ್ತಿದರು. ಅವರ ಬಳಿ ಇನ್ನೂ ಎರಡು ಹೆಣ್ಣು ಗಿಡುಗಗಳಿದ್ದವು. ಯಾವ ಗಂಡನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಅವುಗಳ ಮೊಟ್ಟೆ ಫಲಿಸಬೇಕಾದರೆ ಮನುಷ್ಯರೇ ವೀರ್ಯ ಸೇರಿಸಬೇಕು. ಅದಕ್ಕೆ ಮನುಷ್ಯರನ್ನೇ ತನ್ನ ಜಾತಿ ಎಂದು ತಿಳಿದ ಗಂಡೊಂದು ಬೇಕು.

"ಈ ಚಿಕ್ಕದು ಗಂಡು. ಇದನ್ನು ನೀವು ಮನೆಗೆ ಕೊಂಡುಹೋಗಿ. ಆರು ವಾರ. ಬೇರೆ ಗಿಡುಗದ ಮುಖವನ್ನೇ ಅದು ನೋಡಬಾರದು. ನಿಮ್ಮ ಕೈ, ನಿಮ್ಮ ಮುಖ, ನಿಮ್ಮ ಸ್ವರ, ಅಷ್ಟೇ."

"ಆಮೇಲೆ ಅದರ ಗತಿ ಏನು, ಲೋಬೊ ಅವರೇ?"

"ಎಂತ ಗತಿ? ರಾಜನ ಹಾಗೆ ಇರ್ತದೆ. ಬಂಡೆಯ ಗೂಡಿನಿಂದ ಮರಿ ಕದ್ದು ಮಾರುವವರು ಇದ್ದಾರೆ, ನಿಮಗೆ ಗೊತ್ತಾ? ನಾವು ಮನೆಯಲ್ಲಿ ಮರಿ ಮಾಡಿದರೆ ಅಷ್ಟು ಕಾಡಿನ ಗೂಡು ಉಳಿತದೆ."

ಮಾತು ಸರಿಯಾಗಿಯೇ ಕಂಡಿತು. ಹ್ಯಾಚರಿಯಲ್ಲಿ ರಜೆ ಬಾಕಿ ಇತ್ತು. ಕುಮುದಾ ಹತ್ತಿ ಹಾಸಿದ ರಟ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಪಾರ್ಕ್‌ಲ್ಯಾಂಡ್ಸ್‌ಗೆ ಬಂದಳು.

ಆ ಆರು ವಾರಗಳಂಥ ದಿನಗಳನ್ನು ಅವಳು ಅದಕ್ಕೆ ಮುಂಚೆ ಕಂಡಿರಲಿಲ್ಲ. ಬೆಳಿಗ್ಗೆ ಬೆಳಕಾಗುತ್ತಲೇ ಪೆಟ್ಟಿಗೆಯಿಂದ ಕೂಗು. ಹುಟ್ಟಿನಿಂದ ಮಾಂಸ ಮುಟ್ಟದವಳು, ಹ್ಯಾಚರಿಯ ಸತ್ತ ಮರಿಗಳನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಚಿಮಟದ ತುದಿಯಲ್ಲಿ ಹಿಡಿದು ತಿನ್ನಿಸಿದಳು. ಅದಕ್ಕೆ ಹೆಸರೇನೂ ಇಡಲಿಲ್ಲ. "ಮರಿ" ಅನ್ನುತ್ತಿದ್ದಳು, ನಂಜನಗೂಡಿನಲ್ಲಿ ಮಕ್ಕಳನ್ನು ಕರೆಯುವ ಹಾಗೆ. "ಬಾ ಮರಿ, ಹೊಟ್ಟೆ ತುಂಬ್ತಾ ಮರಿ?" ಎಂದು ಮಾತಾಡುತ್ತಾ ಮಾತಾಡುತ್ತಾ, ದಿನಕ್ಕೆ ಇಷ್ಟು ಕನ್ನಡ ತಾನು ಎಷ್ಟು ವರ್ಷದಿಂದ ಆಡಿಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಬಿಳಿ ತುಪ್ಪಳ ಉದುರಿ ಗರಿ ಮೂಡಿತು. ಅವಳು ಪತ್ರಿಕೆ ಓದುತ್ತಿದ್ದರೆ ಮರಿ ಸೋಫಾದ ಮೇಲೆ ಅಡ್ಡಡ್ಡ ಹೆಜ್ಜೆಯಿಡುತ್ತಾ ಬಂದು ತೊಡೆಗೆ ಒರಗಿ ನಿದ್ದೆ ಹೋಗುತ್ತಿತ್ತು. ಕಾಲು ಜೋಮು ಹಿಡಿದರೂ ಕುಮುದಾ ಏಳುತ್ತಿರಲಿಲ್ಲ.

ಆರು ವಾರ ತುಂಬಿದ ಮೇಲೆ ಅದನ್ನು ಮುಥೈಗಾಕ್ಕೆ ಬಿಟ್ಟು ಬಂದ ಸಂಜೆ, ಪಾತ್ರೆ ತೊಳೆಯಲೂ ಮನಸ್ಸಾಗದೆ ಸಿಂಕಿನ ಮುಂದೆ ನಿಂತೇ ಇದ್ದಳು. ಆಮೇಲೆ ವಾರಕ್ಕೆ ಮೂರು ಸಲ ಅಲ್ಲಿಗೆ ಹೋಗುವುದು ರೂಢಿಯಾಯಿತು. ಕಿಲೆಲೆಶ್ವಾದ ಊಟಗಳಿಗೆ ಹೋಗುವುದು ನಿಂತಿತು.

ಮರಿಗೆ ಎರಡು ವರ್ಷ ತುಂಬಿದಾಗ ಅದರ ನಡತೆ ಬದಲಾಯಿತು. ಅವಳು ಒಳಗೆ ಬಂದರೆ ತಲೆ ಕೆಳಗೆ ಮಾಡಿ, ಬೆನ್ನು ಬಾಗಿಸಿ, ಗಂಟಲಿನಲ್ಲಿ ಚಿಪ್ ಚಿಪ್ ಎಂದು ಸದ್ದು ಮಾಡುತ್ತಿತ್ತು. ತನಗೆ ಹಾಕಿದ ಮಾಂಸದಲ್ಲಿ ಒಂದು ತುಂಡನ್ನು ಕೊಕ್ಕಿನಲ್ಲಿ ತಂದು ಅವಳ ಅಂಗೈಯಲ್ಲಿಟ್ಟು ಹಿಂದೆ ಸರಿದು ನೋಡುತ್ತಿತ್ತು.

ಲೋಬೊಗೆ ಖುಷಿಯೋ ಖುಷಿ. "ನೋಡಿ, ನಿಮ್ಮನ್ನು ಮದುವೆಯಾಗುವ ಏರ್ಪಾಡು ನಡೀತಾ ಉಂಟು! ನೀವೂ ತಲೆ ಬಾಗಿಸಿ, ಹಾಗೇ ಸ್ವರ ಮಾಡಿ."

ಅಂಚು ಎತ್ತರಿಸಿದ ರಬ್ಬರಿನ ಟೋಪಿಯೊಂದನ್ನು ಕೊಟ್ಟರು. ಗಂಡು ಗಿಡುಗ ಬಂದು ಆ ಟೋಪಿಯ ಮೇಲೆ ಕೂಡುತ್ತದೆ, ಅಂಚಿನಲ್ಲಿ ಬಿದ್ದ ವೀರ್ಯವನ್ನು ಗಾಜಿನ ನಳಿಕೆಯಲ್ಲಿ ಎತ್ತಿ ಹೆಣ್ಣುಗಳಿಗೆ ಸೇರಿಸುತ್ತಾರೆ. ಟರ್ಕಿ ಕೋಳಿಗಳಿಗೆ ಇಂಥದನ್ನು ಮಾಡಿಸಿ ಅಭ್ಯಾಸವಿದ್ದ ಕುಮುದಾಳಿಗೆ ನಾಚಿಕೆಯೇನೂ ಆಗಲಿಲ್ಲ. ಆದರೆ ಟೋಪಿ ತೊಟ್ಟು ಬಗ್ಗಿ ಕೂತಾಗ, ತಲೆಯ ಮೇಲೆ ಆ ಹಗುರ ಭಾರ ಬಂದು ಕೂತು ರೆಕ್ಕೆ ಬಡಿದಾಗ, ಅದಕ್ಕೆ ಇದು ನಿಜ ಅನ್ನಿಸುತ್ತಿದೆಯಲ್ಲ ಎಂಬುದು ಮನಸ್ಸಿನಲ್ಲಿ ಎಲ್ಲೋ ಚುಚ್ಚಿತು. ಆ ವರ್ಷ ಐದು ಮರಿ ಹುಟ್ಟಿದವು. ಗಿಡುಗ ಹಾರಿಸುವವರು ಬಂದು ಒಂದೊಂದನ್ನೇ ಒಯ್ದರು.

2014ರ ಆಗಸ್ಟಿನಲ್ಲಿ, ಒಂದು ಶನಿವಾರ ಬೆಳಿಗ್ಗೆ, ಅವಳು ಮರಿಯ ಕೋಣೆಯನ್ನು ಗುಡಿಸುತ್ತಿದ್ದಾಗ ಮೇಲಿನ ತಂತಿಬಲೆಯ ಮೇಲೆ ನೆರಳು ಬಿತ್ತು. ತಲೆಯೆತ್ತಿದಳು. ಕಾಡಿನ ಲ್ಯಾನರ್ ಒಂದು, ಹೆಣ್ಣು, ಎಲ್ಲಿಂದಲೋ ಬಂದು ಬಲೆಯ ಮೇಲೆ ಇಳಿದಿತ್ತು. ಕಾಲಿಗೆ ಬಳೆಯಿಲ್ಲ, ಪಟ್ಟಿಯಿಲ್ಲ. ಅದು ಬಲೆಯ ಕಣ್ಣಿನಿಂದ ಕೆಳಗೆ ಬಗ್ಗಿ, ಮರಿಯನ್ನು ನೋಡಿ, ತಲೆ ತಗ್ಗಿಸಿ ಚಿಪ್ ಚಿಪ್ ಎಂದಿತು. ಅದೇ ಸದ್ದು. ಕುಮುದಾ ಪೊರಕೆ ಹಿಡಿದವಳು ಹಾಗೇ ನಿಂತಳು.

ಮರಿ ಬೆದರಿ ಮೂಲೆಗೆ ಸರಿಯಿತು. ಗರಿ ಕೆದರಿಕೊಂಡು, ಬಾಯಿ ತೆರೆದು, ಚೂರಿ ಹಾಕಿಸಿಕೊಂಡಂತೆ ಕಿರಿಚಿತು. ನಂತರ ನೆಲಕ್ಕಿಳಿದು ಓಡೋಡುತ್ತಾ ಬಂದು ಅವಳ ಕಾಲಿನ ಹಿಂದೆ ಸೇರಿಕೊಂಡಿತು.

ಹೆಣ್ಣು ಮೂರು ದಿನ ಬಂತು. ನಾಲ್ಕನೆಯ ದಿನ ಬರಲಿಲ್ಲ. ಕುಮುದಾ ಆ ಮೂರೂ ದಿನ ಕೆಲಸಕ್ಕೆ ರಜೆ ಹಾಕಿ ಅಲ್ಲೇ ಕೂತಿದ್ದಳು. ರಟ್ಟಿನ ಪೆಟ್ಟಿಗೆ, ಸೋಫಾ, ತೊಡೆಯ ಮೇಲಿನ ಬೆಚ್ಚಗಿನ ಭಾರ ಎಲ್ಲ ನೆನಪಾಗುತ್ತಿತ್ತು. ಅಂದು ತನಗೆ ಅದು ಎಷ್ಟು ಸುಖವಾಗಿತ್ತೋ ಈಗ ಅಷ್ಟೇ ಸಂಕಟವಾಯಿತು. ತನ್ನ ಒಂಟಿತನಕ್ಕೆ ಆರು ವಾರ ಜೊತೆ ಸಿಕ್ಕಿತ್ತು. ಆ ಆರು ವಾರಗಳಲ್ಲಿ ಈ ಹಕ್ಕಿಗೆ ಇಡೀ ಜನ್ಮದ ಒಂಟಿತನ ಕೊಟ್ಟಿದ್ದಳು.

ಮುಂದಿನ ವಾರವೇ ಲೋಬೊ ಹೇಳಿದರು, "ಈ ಸಲ ಹುಟ್ಟುವ ಮರಿಗಳಲ್ಲಿ ಇನ್ನೊಂದು ಗಂಡನ್ನು ನೀವು ಕೊಂಡುಹೋಗಬೇಕು. ಬೇರೊಬ್ಬರು ಕೇಳಿದ್ದಾರೆ, ನಿಮ್ಮ ಕೈಯಲ್ಲಿ ಬೆಳೆದದ್ದೇ ಬೇಕಂತೆ."

"ನಾನು ಮಾಡಲ್ಲ."

"ಯಾಕೆ?"

ಅವಳು ಬಲೆಯ ಮೇಲೆ ಬಂದ ಹೆಣ್ಣಿನ ವಿಷಯ ಹೇಳಿದಳು. ಲೋಬೊ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿದರು.

"ನಿಮ್ಮ ಹ್ಯಾಚರಿಯಲ್ಲಿ ದಿವಸಕ್ಕೆ ಎಷ್ಟು ಗಂಡುಮರಿ ಸಾಯಿಸ್ತೀರಿ? ಸಾವಿರ? ಎರಡು ಸಾವಿರ? ಅದಕ್ಕೆ ನೀವು ಒಂದು ದಿವಸ ಊಟ ಬಿಟ್ಟದ್ದುಂಟಾ? ಒಂದು ಗಿಡುಗ ನಿಮ್ಮನ್ನು ಪ್ರೀತಿ ಮಾಡಿದ್ದು ದೊಡ್ಡ ಪಾಪ ಆಯಿತಾ?"

ಅವರು ಹೇಳಿದ್ದು ಸುಳ್ಳಲ್ಲ. ಕುಮುದಾ ಮೆಲ್ಲಗೆ ಅಂದಳು, "ಅದಕ್ಕೂ ನನ್ನ ಹತ್ರ ಜವಾಬಿಲ್ಲ. ಆದ್ರೆ ಅವು ಸಾಯ್ತವೆ, ಅಷ್ಟೆ. ಇದು ಬದುಕಿದೆ ನೋಡಿ. ಬದುಕಿಕೊಂಡು, ತಾನು ಯಾರು ಅನ್ನೋದೇ ಗೊತ್ತಿಲ್ದೆ ಇದೆ. ಹಾಗೆ ಮಾಡಿದ್ದು ನಾನು. ಇನ್ನೊಂದ್ಸಲ ಮಾಡಲ್ಲ."

"ಹಾಗಾದರೆ ಬರುವುದೇ ಬೇಡ" ಅಂದುಬಿಟ್ಟರು ಲೋಬೊ, ಸಿಟ್ಟಿನಲ್ಲಿ.

ಅವಳು ಹೋಗಲಿಲ್ಲ. ಹದಿನಾರು ದಿನ. ಹ್ಯಾಚರಿಯಿಂದ ಮನೆ, ಮನೆಯಿಂದ ಹ್ಯಾಚರಿ. ಬುಧವಾರ ಲೋಬೊ ಬಂದು ಐಸ್ ಪೆಟ್ಟಿಗೆ ತುಂಬಿಸಿಕೊಂಡು ಅವಳತ್ತ ನೋಡದೆ ಹೋದರು. ಹದಿನೇಳನೆಯ ದಿನ ಮಧ್ಯಾಹ್ನ ಅವರ ಫೋನ್ ಬಂತು. ಸ್ವರ ಸಣ್ಣದಾಗಿತ್ತು.

"ಮರಿ ತಿನ್ನುವುದಿಲ್ಲ. ನಾನು ಟೋಪಿ ಹಾಕಿ ಹೋದೆ, ಮುಖಕ್ಕೇ ಹೊಡೆಯಿತು. ಎದೆಯ ಮೂಳೆ ಕೈಗೆ ಸಿಕ್ತದೆ. ನಾನು ಹೇಳಿದ್ದು ತಪ್ಪೇ ಇರಬಹುದು. ಅದು ಎಂತ ತಪ್ಪು ಮಾಡಿತು, ಹೇಳಿ?"

ಅವಳು ಅರ್ಧ ದಿನ ರಜೆ ಕೇಳಿ ಹೊರಟಳು. ಕೋಣೆಯ ಬಾಗಿಲು ತೆರೆದ ಕೂಡಲೇ ಮರಿ ಕೂಗುತ್ತಾ ಬಂದು ತೋಳಿನ ಮೇಲೆ ಕೂತಿತು. ಕೈಗವಸು ಹಾಕಿಕೊಂಡಿರಲಿಲ್ಲ, ಉಗುರು ನಾಟಿ ರಕ್ತ ಬಂತು. ಹೊಟ್ಟೆ ತುಂಬುವಷ್ಟು ತಿನ್ನಿಸಿ ಹೊರಬಂದಾಗ ಲೋಬೊ ಕುರ್ಚಿಯಲ್ಲಿ ಕೂತಿದ್ದರು, ಹುಬ್ಬಿನ ಮೇಲೆ ಪಟ್ಟಿ.

"ದಿನಾ ಬರ್ತೀನಿ" ಅಂದಳು ಕುಮುದಾ. "ಟೋಪಿ ಹಾಕಲ್ಲ. ಇನ್ನು ಈ ವರ್ಷದ ಮರಿಗಳನ್ನ ಅವುಗಳ ಅಪ್ಪ ಅಮ್ಮನೇ ಬೆಳೆಸಲಿ. ಬೆಳೆಸಿದ್ದನ್ನ ಮಾರಬೇಡಿ, ಹೊರಗೆ ಬಿಡೋಣ."

"ಹತ್ತರಲ್ಲಿ ಆರು ಮೊದಲ ವರ್ಷವೇ ಸಾಯ್ತವೆ, ಕುಮುದಾ ಬಾಯಿ."

"ನಾಲ್ಕು ಉಳಿತಾವಲ್ಲ."

ಮರುದಿನ ಲೋಬೊ ಅವರೇ ಯಂತ್ರದಿಂದ ಮೂರು ಮೊಟ್ಟೆ ತೆಗೆದು ಜೋಡಿಯ ಗೂಡಿನಲ್ಲಿಟ್ಟರು. ಬೇಕಾದ ಅನುಮತಿಗೆ ತಾವೇ ಓಡಾಡಿದರು. ನೈರೋಬಿಯ ಹೊರಗೆ ಮಗಾಡಿ ರಸ್ತೆಯ ಆಚೆ ಗೆಳೆಯರೊಬ್ಬರ ಜಮೀನಿನ ಬಂಡೆಯ ಅಂಚಿಗೆ ಪೆಟ್ಟಿಗೆ ಕಟ್ಟಿ, ಬೆಳೆದ ಮರಿಗಳನ್ನು ಅಲ್ಲಿಟ್ಟು, ಅವು ಹಾರಿ ಹೋಗಿ ಹಸಿವಾದಾಗ ಬರುವಂತೆ ದಿನವೂ ಮಾಂಸ ಇಡಿಸಿದರು. ಹತ್ತನೆಯ ದಿನ ಅವುಗಳಲ್ಲಿ ಒಂದು, ವಿದ್ಯುತ್ ತಂತಿಗೆ ತಗುಲಿ ಸತ್ತಿತು. ಕುಮುದಾ ಅದನ್ನು ಬಟ್ಟೆಯಲ್ಲಿ ಸುತ್ತುವಾಗ, ಲೋಬೊ ಈಗ ಹೇಳುತ್ತಾರೆ, ನಾನು ಮೊದಲೇ ಹೇಳಿರಲಿಲ್ಲವಾ ಎನ್ನುತ್ತಾರೆ ಎಂದು ಕಾದಳು. ಅವರು ಗುಂಡಿ ತೋಡಿದರು. ಉಳಿದೆರಡು ಏಳು ವಾರ ಬಂದು ಹೋಗಿ ಮಾಡಿ, ಆಮೇಲೆ ಕಾಣಲಿಲ್ಲ. ಬೇಟೆ ಕಲಿತು ದೂರ ಹೋದವೋ, ಸತ್ತವೋ, ಯಾರಿಗೂ ತಿಳಿಯದು. ಲೋಬೊ ಮಾತ್ರ ತಿಂಗಳುಗಟ್ಟಲೆ ಭಾನುವಾರ ಬಂದರೆ ದುರ್ಬೀನು ಹಿಡಿದು ಆ ಬಂಡೆಯ ಕೆಳಗೆ ಹೋಗಿ ಕೂರುತ್ತಿದ್ದರು.

2016ರ ಮಾರ್ಚಿನಲ್ಲಿ ಅವರು ಹೃದಯ ನಿಂತು ತೀರಿಕೊಂಡರು. ಇಗರ್ಜಿಯಲ್ಲಿ ಕುಮುದಾ ಕೊನೆಯ ಸಾಲಿನಲ್ಲಿ ಕೂತಿದ್ದಳು. ಐದು ವರ್ಷದಲ್ಲಿ ಜಗಳವನ್ನಾದರೂ ತನ್ನ ಭಾಷೆಯಲ್ಲಿ ಆಡಿದವರು ಇವರೊಬ್ಬರೇ ಎಂದು ಅವಳಿಗೆ ಅನ್ನಿಸಿತು.

ಲೋಬೊ ಅವರ ಮಗಳು ಫ್ಲಾವಿಯಾ ಕಿಲೆಲೆಶ್ವಾದಲ್ಲಿದ್ದಳು, ವಕೀಲೆ. ಕನ್ನಡ ಬಾರದು, ಇಂಗ್ಲಿಷಿನಲ್ಲೇ ಮಾತು. ಮನೆ ಮಾರುವುದಾಗಿ ಹೇಳಿದಳು. ಬೇರೆ ಹಕ್ಕಿಗಳಿಗೆ ಪರವಾನಗಿ ಇದ್ದವರು ಸಿಕ್ಕರು. ಉಳಿದದ್ದು ಮರಿ. ಹೊರದೇಶದ ಒಬ್ಬ ತಳಿಗಾರ ಅದನ್ನೇ ಕೇಳಿದ್ದ. ಅಷ್ಟು ಚೆನ್ನಾಗಿ ಮನುಷ್ಯರಿಗೆ ಒಗ್ಗಿದ ಗಂಡು ಅಪರೂಪವಂತೆ.

"ಅಪ್ಪನ ಹಕ್ಕಿ ಅಂತ ಕಾಗದದಲ್ಲಿದೆ" ಅಂದಳು ಫ್ಲಾವಿಯಾ. "ಆದರೆ ಅದು ಯಾರದು ಅಂತ ನನಗೆ ಗೊತ್ತು, ಆಂಟಿ. ನೀವೇ ಹೇಳಿ. ಬಿಟ್ಟುಬಿಡೋಕೆ ಆಗಲ್ವಾ?"

"ಬಿಟ್ಟರೆ ಯಾರದೋ ಬಾಲ್ಕನಿಗೆ ಹೋಗಿ ಮನುಷ್ಯರ ಮೇಲೆ ಕೂರುತ್ತೆ. ಕಲ್ಲು ಹೊಡೀತಾರೆ."

ಅದೇ ತಿಂಗಳು ಹ್ಯಾಚರಿಯ ಒಪ್ಪಂದ ಮುಗಿಯುವುದಿತ್ತು. ಮೈಸೂರಿನಲ್ಲಿ ತಂಗಿ ಇಂದು ಮಹಡಿಯ ಮೇಲೆ ಅಕ್ಕನಿಗೆಂದು ಕೋಣೆ ಕಟ್ಟಿಸಿ, ಸುಣ್ಣ ಬಳಿಸಿ, ಫೋಟೋ ಕಳಿಸಿದ್ದಳು. ಕುಮುದಾ ಆ ಫೋಟೋವನ್ನು ದಿನಕ್ಕೆ ಹತ್ತು ಸಲ ನೋಡಿದಳು. ಕಿಟಕಿಯ ಆಚೆ ಹೊಂಗೆ ಮರ ಕಾಣುತ್ತಿತ್ತು. ಆಮೇಲೆ ಲಂಗಾಟಾ ಕಡೆ, ಗಾಯಗೊಂಡ ಬೇಟೆಹಕ್ಕಿಗಳನ್ನು ನೋಡಿಕೊಳ್ಳುವ ಸಣ್ಣ ಆಶ್ರಯವೊಂದಕ್ಕೆ ಹೋಗಿ, ಮರಿಯ ಜೊತೆಗೆ ತನ್ನನ್ನೂ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದಳು. ಸಂಬಳ ಮೊದಲಿನ ಅರ್ಧವೂ ಇರಲಿಲ್ಲ. ಒಪ್ಪಿಕೊಂಡಳು.

ಪರವಾನಗಿಯ ಅರ್ಜಿಯಲ್ಲಿ, ಹಕ್ಕಿಯನ್ನು ಇಟ್ಟುಕೊಳ್ಳುವ ಉದ್ದೇಶವೇನು ಎಂಬ ಕಾಲಂ ಇತ್ತು. ಬೇಟೆಗೆ, ತಳಿಗೆ, ಶಿಕ್ಷಣಕ್ಕೆ ಎಂದು ಮೂರು ಚೌಕಗಳು. ಅಧಿಕಾರಿಣಿ ಪೆನ್ನು ಹಿಡಿದು ಕಾದಳು. ಕುಮುದಾಳಿಗೆ ಯಾವುದಕ್ಕೂ ಗುರುತು ಹಾಕಲು ಕೈ ಬರಲಿಲ್ಲ. "ಶಿಕ್ಷಣ ಅಂತ ಹಾಕಿ, ಅಮ್ಮಾ, ಸುಮ್ಮನೆ ತೊಂದರೆ ಯಾಕೆ" ಎಂದು ಅಧಿಕಾರಿಣಿಯೇ ಗುರುತು ಹಾಕಿಕೊಟ್ಟಳು. "ಅಸಾಂಟೆ" ಎಂದು ಧನ್ಯವಾದ ಹೇಳಿ ಕುಮುದಾ ಕಾಗದ ಮಡಿಸಿಕೊಂಡಳು.

ಎರಡು ವರ್ಷದ ನಂತರ, 2018ರ ಜುಲೈನಲ್ಲಿ, ತಂಗಿ ಇಂದು ತಾನೇ ಹೊರಟು ಬಂದಳು, ಹದಿನೈದು ದಿನಕ್ಕೆ. ಆಶ್ರಯದ ಹಿಂದೆ ಅಕ್ಕನಿದ್ದ ಒಂದು ಕೋಣೆಯ ಮನೆಯಲ್ಲೇ ಇಳಿದುಕೊಂಡಳು. ಮರುದಿನ ಮರಿಯನ್ನು ನೋಡಬೇಕೆಂದು ಹಟ ಹಿಡಿದಳು. ಬಾಗಿಲ ಬಳಿ ಅಕ್ಕನ ಹೆಗಲ ಮೇಲೆ ಕೈಯಿಟ್ಟು ನಿಂತದ್ದೇ ತಡ, ಮರಿ ಕಿರಿಚಿಕೊಂಡು ಬಂದು ಅವಳ ಮೇಲೆ ಎರಗಿತು. ಸೆರಗು ಹರಿಯಿತು. ಕುಮುದಾ ಅಡ್ಡ ನಿಂತು, "ಬೇಡ ಮರಿ, ನನ್ನ ತಂಗಿ, ಬೇಡ" ಎನ್ನುತ್ತಾ ತಂಗಿಯನ್ನು ಹೊರಗೆ ದಾಟಿಸಿದಳು.

ಸಂಜೆ ಚಹಾ ಕುಡಿಯುವಾಗ ಇಂದು ಕೇಳಿದಳು, "ನಿನ್ನ ಹತ್ರ ಯಾರೂ ಬರಕೂಡದು ಅಂತನಾ ಅದಕ್ಕೆ?"

"ಮರಿ ಮಾಡೋ ಈ ಕಾಲದಲ್ಲಿ ಹಾಗೇ. ಸೆಪ್ಟೆಂಬರ್ ಕಳೆದ್ರೆ ಸರಿಹೋಗುತ್ತೆ."

"ನಿನಗೆ ಸಂತೋಷ ಇದೆಯಾ ಅಕ್ಕ, ಇದರಲ್ಲಿ?"

ಕುಮುದಾ ಲೋಟವನ್ನು ಕೈಯಲ್ಲಿ ತಿರುಗಿಸಿದಳು. "ಸಂತೋಷ ಅಂತಲ್ಲ ಕಣೇ. ಅದನ್ನ ಹಾಗೆ ಮಾಡಿದ್ದು ನಾನು. ಬಿಟ್ಟು ಬಂದು ನಿನ್ನ ಮಹಡಿ ಮೇಲೆ ಕೂತ್ರೆ ನನಗೆ ಅನ್ನ ಇಳಿಯಲ್ಲ."

"ಎಷ್ಟು ವರ್ಷ ಬದುಕುತ್ತೆ?"

"ಹೀಗೆ ಸಾಕಿದ್ರೆ ಇನ್ನೂ ಹತ್ತು ವರ್ಷ. ಜಾಸ್ತಿನೂ ಬದುಕಬಹುದು."

ಇಂದು ಲೆಕ್ಕ ಹಾಕಿದ್ದು ಅವಳ ಮುಖದಲ್ಲೇ ಕಂಡಿತು. ಅಷ್ಟು ಹೊತ್ತಿಗೆ ಅಕ್ಕನಿಗೆ ಅರವತ್ತಾಗಿರುತ್ತದೆ. ಉಳಿದ ದಿನಗಳಲ್ಲಿ ತಂಗಿ ಚಟ್ನಿಪುಡಿ ಮಾಡಿ ಡಬ್ಬಿ ತುಂಬಿಸಿದಳು, ಹರಿದ ಸೆರಗನ್ನು ಕೂತು ಹೊಲಿದಳು, ದಿನವೂ ದೂರದಿಂದ, ಬೇಲಿಯ ಆಚೆ ನಿಂತು, ಅಕ್ಕ ಹಕ್ಕಿಗೆ ತಿನ್ನಿಸುವುದನ್ನು ನೋಡಿದಳು.

ವಿಮಾನ ನಿಲ್ದಾಣದಲ್ಲಿ ಇಂದು ಒಳಗೆ ಹೋಗುವ ಮುಂಚೆ ಅಕ್ಕನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಕುಮುದಾಳನ್ನು ಮನುಷ್ಯರು ಯಾರಾದರೂ ಹಾಗೆ ಮುಟ್ಟಿ ಎಷ್ಟೋ ವರ್ಷವಾಗಿತ್ತು. ಅವಳಿಗೆ ಕೈ ಎಲ್ಲಿಡಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ. ತಂಗಿ ಗಾಜಿನ ಬಾಗಿಲು ದಾಟಿ, ತಿರುಗಿ ಕೈಬೀಸಿ, ಜನರ ನಡುವೆ ಕಾಣದಾದಳು. ಕುಮುದಾ ಹೊರಗೆ ಬಂದು ಮಟಾಟು ಹತ್ತಿದಳು. ಪಕ್ಕದ ಹೆಂಗಸು "ಸವಾ?", ಎಲ್ಲ ಸರಿಯಾ, ಎಂದು ಕೇಳಿ ಸರಿದು ಜಾಗ ಕೊಟ್ಟಳು. "ಸವಾ" ಎಂದಳು ಕುಮುದಾ. ದಾರಿಯುದ್ದಕ್ಕೂ ತುಂತುರು ಬೀಳುತ್ತಿತ್ತು, ಕಿಟಕಿ ಮುಚ್ಚಿಕೊಳ್ಳುತ್ತಿರಲಿಲ್ಲ, ಅವಳ ಎಡತೋಳು ಒದ್ದೆಯಾಯಿತು. ಲಂಗಾಟಾ ತಿರುವಿನಲ್ಲಿ ಇಳಿದು, ಮರಿಗೆ ಸಂಜೆಯ ಊಟ ಕೊಡುವ ಹೊತ್ತಾಗಿದೆಯೆಂದು ಬೇಗ ಬೇಗ ಹೆಜ್ಜೆ ಹಾಕಿದಳು.